ನನ್ನ ಸಂಕರ ಜೀಪಿನ ಮೈಲೇಜು

ಈಚೆಗೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ದೂರದ ನೆಂಟರೊಬ್ಬರು, ಪೆಟ್ರೋಲಿಗೂ ಓಡಿ ಕರೆಂಟಿಗೂ ಓಡುವ ಹೈಬ್ರಿಡ್ ಕಾರು ನಮ್ಮ ದೇಶಕ್ಕೂ ಬಂದಿದೆಯಂತೆ ಎಂದು ಕೋಸಂಬರಿಯಿಂದ ಶುರುಮಾಡಿ ತಿಳಿಸಾರಿನವರೆಗೂ ಬಣ್ಣಿಸಿದರು. ಅದರ ಬೆಲೆ, ಅದರ ಗಾತ್ರ, ಅದು ಸದ್ದೇ ಇಲ್ಲದೆ ಹೊರಡುವ ಸೊಗಸು. ನಾನು ಅನ್ನದ ಗುಡ್ಡದ ನಡುವೆ ಸಾರಿಗೆ ಗುಳಿ ತೋಡುತ್ತಾ ಹೂಂಗುಟ್ಟುತ್ತಿದ್ದೆ. ಅಂಥದೊಂದು ಹೈಬ್ರಿಡ್ ವಾಹನವನ್ನು ನಾನು ಹದಿನೈದು ವರ್ಷದ ಹಿಂದೆಯೇ ಶ್ರೀನಿವಾಸಪುರದ ಬೀದಿಗಳಲ್ಲಿ ಓಡಿಸಿದ್ದೇನೆ, ಅದೂ ಒಮ್ಮೆ ಸದ್ದೇ ಇಲ್ಲದೆ ಹೋದದ್ದುಂಟು ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಪಾಯಸ ಬಂತು. ಪಾಯಸದ ಎದುರು ಆತ್ಮಕಥೆ ಹೇಳುವುದು ಅವಿವೇಕ. ನಿಮ್ಮ ಮುಂದೆ ಈಗ ಎಲೆಯಿಲ್ಲವಾದ್ದರಿಂದ ಹೇಳುತ್ತೇನೆ.

ನಾನು ದನದ ಡಾಕ್ಟರು. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿ, ಸಂಜೆ ಹೊತ್ತು ತಂದೆಯವರ ಎದುರು ಮಂತ್ರ ಒಪ್ಪಿಸಿ, ಕೊನೆಗೆ ಹಸುವಿನ ಹಿಂಭಾಗದೊಳಗೆ ಭುಜದವರೆಗೆ ಕೈ ಹಾಕುವ ಕೆಲಸಕ್ಕೆ ಸೇರಿದವನು. ತಂದೆಯವರು ಗೋಸೇವೆ ಎಂದು ಸಮಾಧಾನ ಮಾಡಿಕೊಂಡರು. ಆದರೂ ಊರಿಗೆ ಹೋದಾಗಲೆಲ್ಲ ಮೊದಲು ಬಚ್ಚಲು, ಆಮೇಲೆ ನಡುಮನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳನ್ನು ಸುತ್ತಲೆಂದು ಒಂದು ಹಳೆಯ ಪೆಟ್ರೋಲ್ ಜೀಪು ಕೊಂಡೆ. ಕೋಲಾರದ ಬಾಷಾ ಮೇಸ್ತ್ರಿಗಳು ಅದರ ಬಾನೆಟ್ಟು ಎತ್ತಿ ನೋಡಿ, "ಡಾಕ್ಟರ್ ಸಾಬ್, ಇದು ಬಿರಿಯಾನಿ ತಿಂದೋರು ನೀರು ಕುಡ್ದಂಗೆ ಪೆಟ್ರೋಲ್ ಕುಡೀತದೆ. ಇದ್ರ ಹೊಟ್ಟೆ ತೆಗ್ದು ಡೀಸೆಲ್ ಹೊಟ್ಟೆ ಇಟ್ಬಿಡಾಣ" ಎಂದರು. ಇಟ್ಟೂ ಬಿಟ್ಟರು. ಆ ಇಂಜಿನ್ನು ಯಾವ ಗಾಡಿಯದೆಂದು ಕೇಳಿದ್ದಕ್ಕೆ, "ಒಳ್ಳೆ ಖಾನ್‌ದಾನಿಂದು ಸಾಬ್" ಎಂದರೇ ಹೊರತು ಹೆಚ್ಚಿಗೆ ಬಾಯಿ ಬಿಡಲಿಲ್ಲ.

ಹೈಬ್ರಿಡ್ ಎಂಬ ಪದ ತಿಳಿಯದ ಮಗು ಆಗ ನಮ್ಮ ಸೀಮೆಯಲ್ಲಿರಲಿಲ್ಲ. ಹೊಲದ ಟೊಮೆಟೊ ಹೈಬ್ರಿಡ್, ಕಣದ ರಾಗಿ ಹೈಬ್ರಿಡ್, ತಟ್ಟೆಯ ರೇಷ್ಮೆಹುಳು ಹೈಬ್ರಿಡ್, ಕೊಟ್ಟಿಗೆಯ ಹಸು ಹೈಬ್ರಿಡ್. ಮೈ ಒಂದು ತಳಿಯದು, ಕಸುವು ಇನ್ನೊಂದರದು ಆದದ್ದೆಲ್ಲ ಹೈಬ್ರಿಡ್. ಹೀಗಾಗಿ ಪೆಟ್ರೋಲಿನ ಮೈಯೊಳಗೆ ಡೀಸೆಲಿನ ಹೊಟ್ಟೆ ಹೊತ್ತ ನನ್ನ ಜೀಪಿಗೆ ರೈತರೇ ಹೈಬ್ರಿಡ್ ಜೀಪು ಎಂದು ನಾಮಕರಣ ಮಾಡಿದರು. ನಮ್ಮ ಇಲಾಖೆಯ ಕರಪತ್ರಗಳಲ್ಲಿ ಅದೇ ಮಾತು ಶುದ್ಧ ಕನ್ನಡದಲ್ಲಿ 'ಸಂಕರ ತಳಿ' ಎಂದಿರುತ್ತಿತ್ತು. ನನ್ನ ಹೆಸರೋ ಶಂಕರನಾರಾಯಣ. ಹಳ್ಳಿಯವರ ನಾಲಗೆಯಲ್ಲಿ ಶಕಾರಕ್ಕೆ ಜಾಗ ಕಡಿಮೆ. ಸಂಕರ ಹಸುಗಳಿಗೆ ಮದ್ದು ಮಾಡಲು ಸಂಕರ ಜೀಪಿನಲ್ಲಿ ಬರುವ ನಾನು ಸಂಕರ ಡಾಕ್ಟ್ರು ಆದೆ. ಸಂಕರದಿಂದಲೇ ಲೋಕ ಕೆಡುತ್ತದೆ ಎಂದು ನಂಬಿದ್ದ ನಮ್ಮ ತಂದೆಯವರು ಒಮ್ಮೆ ನನ್ನ ಬಿಡಾರಕ್ಕೆ ಬಂದಿದ್ದಾಗ, ರೈತನೊಬ್ಬ ಬಾಗಿಲಲ್ಲಿ ನಿಂತು "ಸಂಕರ ಡಾಕ್ಟ್ರ ಮನೆ ಇದೇನಾ ಸಾಮೀ?" ಎಂದು ಕೂಗಿದ. ಒಳಗಿದ್ದ ತಂದೆಯವರು ಉಚ್ಚಾರ ತಿದ್ದಲೆಂದು "ಶ! ಶ!" ಎಂದರು. ಅವನು ಗಾಬರಿಯಾಗಿ ದನಿ ತಗ್ಗಿಸಿ, "ಮಗು ಮಲಗೈತಾ ಸಾಮೀ?" ಎಂದು ಪಿಸುಗುಟ್ಟಿದ. ಆಗ ನಮಗಿನ್ನೂ ಮಗುವಿರಲಿಲ್ಲ.

ಇನ್ನು ಮೈಲೇಜಿನ ವಿಷಯ. ರಸ್ತೆಬದಿಯ ಕಲ್ಲುಗಳೆಲ್ಲ ಕಿಲೋಮೀಟರಿಗೆ ಬದಲಾಗಿ ಎಷ್ಟೋ ಕಾಲವಾದರೂ ಈ ಮೈಲಿ ನಮ್ಮ ಮಾತಿನಿಂದ ಇಳಿದಿಲ್ಲ. ಆದರೆ ನಮ್ಮ ಕಡೆಯವರು ಮೈಲೇಜು ಎಷ್ಟು ಎಂದು ಕೇಳುವುದಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಮೈ ತಟ್ಟಿ, "ಎಷ್ಟು ಕೊಡ್ತದೆ?" ಎನ್ನುತ್ತಾರೆ. ಹಸುವಿಗೂ ಇದೇ ಪ್ರಶ್ನೆ, ಇದೇ ತಟ್ಟುವಿಕೆ. ತೆಲುಗಿನವರಾದರೆ "ಎಂತ ಇಸ್ತುಂದಿ?" ಭಾಷೆ ಬೇರೆಯಾದರೂ ಕುತೂಹಲ ಒಂದೇ. ಹಸು ಕೊಡುವುದು ಲೀಟರಿನಲ್ಲಿ, ಜೀಪು ಲೀಟರಿಗೆ ಕೊಡುವುದು ಕಿಲೋಮೀಟರಿನಲ್ಲಿ ಎಂಬ ಸಣ್ಣ ವ್ಯತ್ಯಾಸವನ್ನು ಕೇಳಿದವನೇ ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ನನ್ನ ಜೀಪು ಹನ್ನೆರಡು ಕೊಡುತ್ತಿತ್ತು. ಹದಿಮೂರು ಕೊಡಿಸಬೇಕೆಂಬುದು ನನ್ನ ಆ ಕಾಲದ ಏಕೈಕ ಮಹತ್ವಾಕಾಂಕ್ಷೆ. ಬೇರೆಯವರು ಯೌವನದಲ್ಲಿ ಏನೇನೋ ಕನಸು ಕಾಣುತ್ತಾರೆ. ನಾನು ಕಣ್ಣು ಮುಚ್ಚಿದರೆ ಸಾಕು, ಒಂದೇ ಲೀಟರ್ ಡೀಸೆಲ್ಲು ಮಾವಿನ ತೋಪುಗಳ ನಡುವೆ ತೊರೆಯ ಹಾಗೆ ಹರಿದು ಹರಿದು ಮುಗಿಯದೇ ಇರುತ್ತಿತ್ತು. ಇಳಿಜಾರು ಬಂದರೆ ಗೇರು ತೆಗೆದು ನ್ಯೂಟ್ರಲ್ಲಿನಲ್ಲಿ ತೇಲಿಬಿಡುತ್ತಿದ್ದೆ. ಡೀಸೆಲ್ ಮಟ್ಟ ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಒಂದು ಬಿದಿರು ಕಡ್ಡಿಗೆ ಗೀಟು ಹಾಕಿ ಟ್ಯಾಂಕಿನೊಳಗೆ ಅದ್ದಿ ನೋಡುತ್ತಿದ್ದೆ. ಭಾರವೇ ಇಂಧನದ ಶತ್ರು ಎಂದು ತೀರ್ಮಾನಿಸಿ ಸ್ಟೆಪ್ನಿ ಕಳಚಿಟ್ಟೆ, ಹಿಂದಿನ ಸೀಟು ಬಿಚ್ಚಿಸಿದೆ. ಆಮೇಲೆ ಇನ್ನೂ ಸೂಕ್ಷ್ಮವಾಗಿ ಯೋಚಿಸಿದಾಗ, ಡೀಸೆಲ್ಲಿಗೂ ಭಾರವಿದೆಯಲ್ಲ, ಡೀಸೆಲ್ಲನ್ನು ಹೊರಲು ಡೀಸೆಲ್ಲನ್ನೇ ಸುಡುವುದು ಎಂಥ ಅನ್ಯಾಯ ಎಂದು ಹೊಳೆಯಿತು. ಅಂದಿನಿಂದ ಬೇಕಾದಷ್ಟೇ ಹಾಕಿಸತೊಡಗಿದೆ. ಒಮ್ಮೆ ಮುಳಬಾಗಿಲಿಗೆ ಹೊರಟಾಗ ನನ್ನ ಹೆಂಡತಿ ಸುಶೀಲೆ ಊಟ ತುಂಬಿದ ಹಿತ್ತಾಳೆ ಕ್ಯಾರಿಯರ್ ತಂದಳು. ನಾನು ಅದನ್ನು ಕೈಯಲ್ಲಿ ತೂಗಿ ನೋಡಿದ್ದನ್ನು ಕಂಡು, "ನನ್ನನ್ನೂ ಇಲ್ಲೇ ಇಳಿಸಿಬಿಡಿ. ಇನ್ನೆರಡು ಕಿಲೋಮೀಟರ್ ಜಾಸ್ತಿ ಕೊಡುತ್ತೆ" ಎಂದಳು.

ಭಾರ ಮತ್ತು ವಾಹನದ ಈ ಲೆಕ್ಕವನ್ನು ನಮ್ಮ ಪೂರ್ವಿಕರು ಎಷ್ಟು ಲಘುವಾಗಿ ತೆಗೆದುಕೊಂಡಿದ್ದರು ನೋಡಿ. ಡೊಳ್ಳುಹೊಟ್ಟೆಯ ಗಣಪನಿಗೆ ಇಲಿ. ಅದು ಎಷ್ಟು ಕೊಡುತ್ತದೆಂದು ಯಾವ ಪುರಾಣಿಕರೂ ವಿಚಾರಿಸಲಿಲ್ಲ. ಮೋದಕದಿಂದ ಉದುರಿದ ಚೂರೇ ಅದರ ಇಂಧನವಿರಬೇಕು. ಸೂರ್ಯನ ರಥಕ್ಕೆ ಏಳು ಕುದುರೆ, ಒಂದೇ ಚಕ್ರ, ಸಾರಥಿಗೆ ತೊಡೆಗಳೇ ಇಲ್ಲ. ಇಷ್ಟಾದರೂ ಒಂದು ದಿನವೂ ನಡುದಾರಿಯಲ್ಲಿ ನಿಂತದ್ದಿಲ್ಲ. ಸ್ಟೆಪ್ನಿ ಇಲ್ಲದೆ ಓಡಿದ ಮೊದಲ ವಾಹನ ಅದೇ ಎಂದು ನಾನು ತಂದೆಯವರಿಗೆ ಹೇಳಿದ್ದೆ. ಅವರು ನಗಲಿಲ್ಲ.

ನಾನು ನಡುದಾರಿಯಲ್ಲಿ ನಿಂತೆ. ಅದನ್ನೇ ಹೇಳಬೇಕಾಗಿರುವುದು.

ಮಾವು ಹೂಬಿಟ್ಟ ಕಾಲ. ಒಂದು ಶುಕ್ರವಾರ ಬೆಳಗ್ಗೆ ಶ್ರೀನಿವಾಸಪುರದ ಪಕ್ಕದ ಹಳ್ಳಿಯಿಂದ ಅಕ್ಕಯ್ಯಮ್ಮ ಹೇಳಿಕಳಿಸಿದ್ದರು. ಒಂಟಿ ಹೆಂಗಸು, ಅರವತ್ತರ ಹತ್ತಿರ, ಮನೆಯಲ್ಲಿ ಮಾತಾಡುವುದು ತೆಲುಗು, ನನ್ನೊಡನೆ ಕನ್ನಡ. ಅವರಿಗಿದ್ದದ್ದು ಗಂಗೆ ಎಂಬ ಒಂದೇ ಒಂದು ಹೈಬ್ರಿಡ್ ಹಸು. ಅದನ್ನು ಕರುವಾಗಿದ್ದಾಗಿನಿಂದ ಮಡಿಲಲ್ಲಿ ಸಾಕಿದ್ದರು ಎಂದರೂ ಉತ್ಪ್ರೇಕ್ಷೆಯಲ್ಲ. ಗಂಗೆಗೆ ರಾತ್ರಿಯಿಂದ ಬೇನೆ, ಕರು ಬರುತ್ತಿಲ್ಲ. ಕೈ ಹಾಕಿ ನೋಡಿದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಗರ್ಭಕೋಶ ತಿರುಚಿಕೊಂಡಿತ್ತು. ಕರು ಇನ್ನೂ ಜೀವಂತವಾಗಿತ್ತು, ಬೆರಳಿಗೆ ಅದರ ಮಿಸುಕಾಟ ತಿಳಿಯುತ್ತಿತ್ತು. ಆದರೆ ತಿರುಚು ಬಿಡಿಸದಿದ್ದರೆ ಮಧ್ಯಾಹ್ನದೊಳಗೆ ಅದೂ ಇಲ್ಲ, ಆಮೇಲೆ ತಾಯಿಯೂ ಇಲ್ಲ. ಇದಕ್ಕೆ ನಾವು ಕಲಿತ ಉಪಾಯ ಬಲು ಸರಳ. ಹಸುವಿನ ಕಾಲು ಕಟ್ಟಿ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ, ಮೈಯನ್ನು ಒಂದು ಸುತ್ತು ಉರುಳಿಸುವುದು. ಹೇಳಿದೆ.

ಅಕ್ಕಯ್ಯಮ್ಮ ಹಸುವಿಗೆ ಅಡ್ಡ ನಿಂತರು. "ಸುಕ್ರವಾರ ಲಕ್ಸ್ಮೀನ ಕಾಲು ಕಟ್ಟಿ ನೆಲಕ್ಕೆ ಉಳ್ಳಿಸ್ತೀಯಾ? ನಾ ಬದುಕಿರೋಗಂಟ ಆಗಾಕಿಲ್ಲ. ಬೇರೆ ಏನಾನಾ ಮಾಡಪ್ಪಾ."

ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ನೆಮ್ಮದಿಯಾಯಿತು. ನಾನು ಅಲ್ಲಿಯವರೆಗೆ ಒಂದು ಹಸುವನ್ನೂ ಉರುಳಿಸಿರಲಿಲ್ಲ. ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದೆ. ಕೋಲಾರದ ದನದ ದೊಡ್ಡಾಸ್ಪತ್ರೆಗೆ ಒಯ್ಯೋಣ, ಅಲ್ಲಿ ಹಿರಿಯ ಡಾಕ್ಟರಿದ್ದಾರೆ ಎಂದೆ. ಊರಿನವರ ಪವರ್ ಟಿಲ್ಲರಿನ ಟ್ರೇಲರನ್ನು ಬಿಡಿಸಿ ತಂದು ಜೀಪಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ಹುಲ್ಲು ಹಾಸಿ, ಗಂಗೆಯನ್ನು ಹತ್ತಿಸಿದೆವು. ಅಕ್ಕಯ್ಯಮ್ಮ ಪಕ್ಕದಲ್ಲಿ ಕುಳಿತು ಅದರ ಕತ್ತು ತಬ್ಬಿಕೊಂಡರು.

ದಾರಿಯಲ್ಲಿ ನನ್ನ ಮನೆಯ ಮುಂದೆ ನಿಲ್ಲಿಸಿ ಔಷಧದ ಪೆಟ್ಟಿಗೆ ತೆಗೆದುಕೊಂಡೆ. ಕಡ್ಡಿ ಅದ್ದಿ ನೋಡಿದೆ. ಎರಡೂವರೆ ಲೀಟರಿತ್ತು. ಕೋಲಾರಕ್ಕೆ ಲೀಟರಿಗೆ ಹನ್ನೆರಡರಂತೆ ಎರಡು ಸಾಕು. ಸುಶೀಲೆ ಐದು ಲೀಟರಿನ ಡೀಸೆಲ್ ಕ್ಯಾನು ತಂದು ಹಿಂದೆ ಇಟ್ಟಳು. ನಾನು ಅದನ್ನು ತೆಗೆದು ಜಗಲಿಯ ಮೇಲಿಟ್ಟೆ. ಹಸುವಿನ ಭಾರವೇ ಇಷ್ಟಿರುವಾಗ ಕ್ಯಾನಿನ ಭಾರ ಬೇರೆ ಯಾಕೆ ಎಂಬುದು ನನ್ನ ತರ್ಕ. ಪೆಟ್ರೋಲ್ ಬಂಕಿನ ಮುಂದೆಯೇ ಹಾದುಹೋದೆ, ನಿಲ್ಲಲಿಲ್ಲ. ಸಮಯವಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ಎಂಬುದು ಜೀಪು ಖಾಲಿ ಓಡುವಾಗಿನ ಲೆಕ್ಕ ಎಂಬ ಸಂಗತಿ ನನ್ನ ತಲೆಗೆ ಬರಲೇ ಇಲ್ಲ.

ಹೋಳೂರು ಇನ್ನೂ ಎರಡು ಮೈಲಿ ಇರುವಾಗ ಇಂಜಿನ್ನು ಎರಡು ಸಲ ಕೆಮ್ಮಿ, ನಿಟ್ಟುಸಿರು ಬಿಟ್ಟು, ಸುಮ್ಮನಾಯಿತು. ಕಡ್ಡಿ ಅದ್ದಿದೆ. ಒಣಗಿದ ಕಡ್ಡಿಯೇ ಮೇಲೆ ಬಂತು. ಹಿಂದೆ ಟ್ರೇಲರಿನಲ್ಲಿ ಗಂಗೆ ನರಳುತ್ತಿತ್ತು. "ಯಾಕಪ್ಪಾ ನಿಂತೋಯ್ತು?" ಎಂದರು ಅಕ್ಕಯ್ಯಮ್ಮ. "ಎಣ್ಣೆ ಮುಗೀತು" ಎಂದೆ. ಅವರು ಗಂಗೆಯ ಕತ್ತನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಣ್ಣೆದುರು ಜಗಲಿಯ ಮೇಲಿನ ಕ್ಯಾನು ಬಂದು ನಿಂತಿತು.

ಎದುರಿನಿಂದ ಒಂದು ಎತ್ತಿನ ಗಾಡಿ ಬಂತು. ಹೊಡೆಯುತ್ತಿದ್ದವರು ಮುನಿಶಾಮಿ ಎಂಬ ಹೋಳೂರಿನ ರೈತ. ಗಾಡಿ ನಿಲ್ಲಿಸಿ, ಇಳಿದು ಬಂದು, ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಜೀಪಿನಿಂದ ಟ್ರೇಲರಿನ ತುದಿಯವರೆಗೆ ಒಂದು ಸಲ ಕಣ್ಣಾಡಿಸಿ ಕೇಳಿದರು.

"ಎಷ್ಟು ಕೊಡ್ತದೆ ಸಾಮೀ?"

"ಹನ್ನೆರಡು" ಎಂದೆ, ನಾಚಿಕೆಯಿಂದ.

ಟ್ರೇಲರಿನಿಂದ ಅಕ್ಕಯ್ಯಮ್ಮ ರೇಗಿದರು. "ಯಾರಪ್ಪಾ ಹನ್ನೆರಡು ಅಂದೋರು? ಹದಿನಾಕು! ಎಲ್ಡೂ ಹೊತ್ತು ಸೇರಿ ಹದಿನಾಕು. ಡೈರೀಲಿ ಕೇಳು ಹೋಗು."

ಮುನಿಶಾಮಿ ಟ್ರೇಲರಿನ ಹತ್ತಿರ ಹೋಗಿ ಗಂಗೆಯ ಮುಖ ನೋಡಿದರು. ನಾನು ಡೀಸೆಲ್ ಎಲ್ಲಿ ಸಿಕ್ಕೀತು, ಓಡಿ ಹೋಗಿ ತರುತ್ತೇನೆ ಎಂದೆ. "ನಮ್ಮೂರಾಗೆ ಪಂಪ್‌ಸೆಟ್ ಎಣ್ಣೆ ಐತೆ. ಆದ್ರೆ ನೀ ಹೋಗಿ ಬರೋಗಂಟ ಈ ಬಿಸಿಲಾಗೆ ಈಯಮ್ಮ ಇಲ್ಲೇ ನಿಂತಿರ್ಬೇಕಾ? ಎಳ್ಕೊಂಡೇ ಹೋಗಾನ ಬಿಡು" ಎಂದರು. ತಮ್ಮ ಗಾಡಿಯನ್ನು ಹುಣಸೆ ಮರದ ಕೆಳಗೆ ಬಿಟ್ಟು, ಎತ್ತುಗಳನ್ನು ನೊಗದ ಸಮೇತ ತಂದು, ದಪ್ಪ ಹಗ್ಗದಿಂದ ಜೀಪಿನ ಮುಂದಿನ ಬಂಪರಿಗೆ ಕಟ್ಟಿದರು. ಗಿಡ್ಡನೆಯ ನಾಟಿ ಎತ್ತುಗಳು. ಹೈಬ್ರಿಡ್ಡಿನ ಸೋಂಕೂ ಇಲ್ಲದವು. ನನ್ನ ಇಲಾಖೆ ಅಂಥವುಗಳ ತಳಿಯನ್ನು ಸುಧಾರಿಸಲೆಂದೇ ನನಗೆ ಸಂಬಳ ಕೊಡುತ್ತಿತ್ತು.

"ನೀ ಸ್ಟೇರಿಂಗ್ ಹಿಡ್ಕೊಂಡು ಕೂತ್ಕೋ ಸಾಮೀ. ಇಳುಕಲಾಗೆ ಬ್ರೇಕು ಮರೀಬ್ಯಾಡ, ಎತ್ತಿನ ಕಾಲಿಗೆ ಬಂದಾತು" ಎಂದು ಹೇಳಿ ಮುನಿಶಾಮಿ ನಾಲಗೆ ಲೊಚಗುಟ್ಟಿಸಿದರು. ಹಗ್ಗ ಬಿಗಿಯಿತು. ಸಂಕರ ಜೀಪು, ಅದರ ಹಿಂದೆ ಟ್ರೇಲರು, ಅದರೊಳಗೆ ಸಂಕರ ಹಸು, ಅದರೊಳಗೆ ಇನ್ನೂ ಹುಟ್ಟದ ಒಂದು ಕರು. ಎಲ್ಲವೂ ಸದ್ದೇ ಇಲ್ಲದೆ ಹೊರಟವು.

ಆ ಎರಡು ಮೈಲಿಯ ದಾರಿಯನ್ನು ನಾನು ಈಗಲೂ ನಿದ್ದೆ ಹತ್ತುವ ಮೊದಲು ಒಮ್ಮೊಮ್ಮೆ ಮತ್ತೆ ಹೋಗಿ ಬರುತ್ತೇನೆ. ನೂರಾರು ಸಲ ಓಡಾಡಿದ ರಸ್ತೆ ಅದು, ಆದರೆ ಅಲ್ಲಿಯವರೆಗೆ ಅದನ್ನು ನೋಡಿಯೇ ಇರಲಿಲ್ಲ. ಇಂಜಿನ್ನಿನ ಗದ್ದಲ ಹೋದ ಮೇಲೆ ಮೊದಲು ಕೇಳಿಸಿದ್ದು ಜೇನುಹುಳುಗಳ ಸದ್ದು. ಎರಡೂ ಕಡೆಯ ಮಾವಿನ ಮರಗಳು ಹೂವಿನಿಂದ ಮಬ್ಬಾಗಿದ್ದವು, ಒಳಗಿಂದ ಒಂದೇ ಸಮನೆ ಮೊರೆತ. ಹೂವಿನ ವಾಸನೆ ಅಷ್ಟು ದಟ್ಟವಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಡೀಸೆಲ್ ಹೊಗೆಯಲ್ಲಿ ಮೂಗು ಮಂಕಾಗಿತ್ತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಮೆರವಣಿಗೆಯನ್ನು ನೋಡಿದರು. ಒಬ್ಬಳೂ ನಗಲಿಲ್ಲ, ಹಸುವಿನ ಬೇನೆ ಅಷ್ಟು ದೂರಕ್ಕೂ ಅವರಿಗೆ ತಿಳಿದಿರಬೇಕು. ಕೆರೆಯ ಏರಿಯ ಮೇಲೆ ಹೋಗುವಾಗ ನೀರಿನಲ್ಲಿ ಎತ್ತುಗಳು, ಜೀಪು, ಟ್ರೇಲರು ಎಲ್ಲ ತಲೆಕೆಳಗಾಗಿ, ನಮಗಿಂತ ನಿಧಾನವಾಗಿ ಹೋಗುತ್ತಿದ್ದವು. ಗಾಜಿನಾಚೆ ಎತ್ತುಗಳ ಬೆನ್ನು ಒಂದೇ ತಾಳಕ್ಕೆ ಏಳುತ್ತಾ ಇಳಿಯುತ್ತಾ ಇತ್ತು. ಹಿಂದಿನಿಂದ ಅಕ್ಕಯ್ಯಮ್ಮನ ದನಿ, "ಓರ್ಚುಕೋಮ್ಮಾ ತಲ್ಲೀ, ಕೊಂಚೆಂ ಓರ್ಚುಕೋ" ಎಂದು. ಸ್ವಲ್ಪ ತಾಳಿಕೋ ತಾಯಿ ಎಂಬ ಆ ಮಾತು ಹಸುವಿಗೆ ಹೇಳಿದ್ದು, ಆದರೆ ನಾನೂ ತಾಳಿಕೊಂಡೆ. ಕರು ಉಳಿಯುತ್ತದೋ ಇಲ್ಲವೋ ಎಂಬ ಭಯ ಬಿಟ್ಟಿರಲಿಲ್ಲ. ಹಾಗಿದ್ದೂ ಮನಸ್ಸಿನ ಯಾವುದೋ ಮೂಲೆ ತೊಟ್ಟಿಲಿನಲ್ಲಿ ಮಲಗಿದಂತೆ ತೂಗುತ್ತಿತ್ತು. ಎರಡೂ ಒಟ್ಟಿಗೆ ಆಗಬಹುದು ಎಂದು ನನಗೆ ಅಂದೇ ಗೊತ್ತಾದದ್ದು.

ಏರಿಯಿಂದ ಇಳಿಯುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮೋರಿ. ನಾನು ಬ್ರೇಕು ಹಿಡಿದದ್ದು ತುಸು ತಡವಾಯಿತು. ಟ್ರೇಲರು ದಡಕ್ಕನೆ ಎಗರಿತು. ಹಿಂದೆ ಗಂಗೆ ಮಗ್ಗುಲಾಗಿ ಬಿದ್ದ ಸದ್ದು, ಅಕ್ಕಯ್ಯಮ್ಮನ ಕೂಗು. ತಿರುಗಿ ನೋಡಿದರೆ ಹಸು ನಾಲ್ಕೂ ಕಾಲು ಆಡಿಸುತ್ತಾ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿ, ಟ್ರೇಲರಿನ ಗೋಡೆಗೆ ಒರಗಿ ಬಿದ್ದುಕೊಂಡಿತ್ತು. ಮುಗಿಯಿತು ಎಂದುಕೊಂಡೆ.

ಹೋಳೂರಿನ ಹೊಂಗೆ ಮರದ ಕೆಳಗೆ ಬಂದು ನಿಂತಾಗ ಮುನಿಶಾಮಿ ಡೀಸೆಲ್ ತರಲು ಓಡಿದರು. ನಾನು ಟ್ರೇಲರ್ ಹತ್ತಿ, ಮಾಡಲು ಬೇರೇನೂ ತೋಚದೆ, ಮತ್ತೊಮ್ಮೆ ಕೈ ಹಾಕಿದೆ. ಕೈ ಸಲೀಸಾಗಿ ಒಳಗೆ ಹೋಯಿತು. ತಿರುಚು ಇರಲಿಲ್ಲ. ಎರಡು ಪುಟ್ಟ ಗೊರಸುಗಳು ಬೆರಳಿಗೆ ತಾಗಿದವು, ಅವುಗಳ ಮೇಲೆ ಒಂದು ಮೂಗು. ಬೆರಳನ್ನು ಬಾಯಿಗಿಟ್ಟೆ. ಕರು ಅದನ್ನು ಚೀಪಿತು.

ಪುಸ್ತಕದಲ್ಲಿ ಹೇಳಿದ ಉರುಳಾಟವನ್ನು ಮೋರಿಯೇ ಮಾಡಿಸಿತ್ತು. ಕರುವಿನ ಕಾಲಿಗೆ ಹಗ್ಗ ಹಾಕಿ, ಗಂಗೆ ತಿಣುಕಿದಾಗಲೆಲ್ಲ ನಾನೂ ಅಕ್ಕಯ್ಯಮ್ಮನೂ ಎಳೆದೆವು. ಮುನಿಶಾಮಿ ಡೀಸೆಲ್ ಡಬ್ಬ ಹಿಡಿದು ಬರುವ ಹೊತ್ತಿಗೆ ಕರು ಹುಲ್ಲಿನ ಮೇಲೆ ಬಿದ್ದು ಸೀನುತ್ತಿತ್ತು. ಹೆಣ್ಣು ಕರು. ಗಂಗೆ ನೆಕ್ಕಲು ಶುರುಮಾಡಿತು. ನಾನು ಮರಕ್ಕೆ ಒರಗಿ ಕುಳಿತು ಅತ್ತೆ. ಅತ್ತೆನೆಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ.

ಆಮೇಲೆ ಅಕ್ಕಯ್ಯಮ್ಮನ ಪಕ್ಕ ಹೋಗಿ ಕುಳಿತೆ. ಹೇಳದಿದ್ದರೆ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. "ಅಕ್ಕಯ್ಯಮ್ಮ, ಮನೇಲಿ ಕ್ಯಾನು ತುಂಬ ಎಣ್ಣೆ ಇತ್ತು. ನನ್ನ ಹೆಂಡತಿ ತಂದಿಟ್ಟಿದ್ದಳು. ಭಾರ ಆಗುತ್ತೆ ಅಂತ ನಾನೇ ಇಳಿಸಿ ಬಂದೆ. ಇವೆರಡಕ್ಕೂ ಏನಾದ್ರೂ ಆಗಿದ್ದಿದ್ರೆ ಅದು ನನ್ನಿಂದ."

ಅವರು ಸೆರಗಿನಿಂದ ಕರುವಿನ ಮೂಗು ಒರೆಸುತ್ತಿದ್ದವರು ತಲೆಯೆತ್ತಿ ನನ್ನನ್ನೇ ನೋಡಿದರು. "ಗಬ್ಬದ ಹಸೂಗೆ ಎಲ್ಡು ಜೀವದ ಮೇವು ಹಾಕು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯ. ನಿನ್ನ ಜೀಪಿಗೆ ಮಾತ್ರ ಒಂದೇ ಜೀವದ್ದು ಹಾಕ್ಕೊಂಡು ಬಂದ್ಯಾ? ಹಿಂದೆ ಕಟ್ಟಿದ್ದೆಲ್ಲಾ ಅದೇ ಅಲ್ವೇನಪ್ಪಾ ಎಳೀಬೇಕು?"

ನಾನು ತಲೆ ತಗ್ಗಿಸಿದೆ. ಅವರು ಮತ್ತೆ ಕರುವಿನ ಮೂಗು ಒರೆಸತೊಡಗಿದರು.

"ಉಳ್ಳಿಸ್ತೀನಿ ಅಂದೆ ನೀನು. ಬ್ಯಾಡ ಅಂದೋಳು ನಾನು" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. "ಏನಾನಾ ಆಗಿದ್ರೆ ನಿಂದು ಅರ್ಧ, ನಂದರ್ಧ. ಒಬ್ಬನೇ ಹೊತ್ಕೋಬ್ಯಾಡ. ಏಳು, ಕೂಸು ಎತ್ಕೋ. ತಾಯಿ ಎದುರಿಗೇ ಎತ್ಕೋಬೇಕು, ಇಲ್ಲಾಂದ್ರೆ ಹೆದರ್ಕೊಂತಾಳೆ."

ಎರಡೂ ಕೈ ಕೆಳಗೆ ತೂರಿಸಿ ಎತ್ತಿಕೊಂಡೆ. ಇನ್ನೂ ಒದ್ದೆಯಾಗಿತ್ತು, ಬೆಚ್ಚಗಿತ್ತು, ಎದೆ ಡವಗುಟ್ಟುತ್ತಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಭಾರ. ಮುನಿಶಾಮಿ ಡೀಸೆಲ್ ಸುರಿದು, ಇಂಜಿನ್ನಿನ ಕೊಳವೆಯಲ್ಲಿ ಸಿಕ್ಕಿದ್ದ ಗಾಳಿ ತೆಗೆದು ಮುಗಿಸಿ, ಜೀಪು ಹೊರಡಿಸು ಬಾ ಸಾಮೀ ಎಂದು ಎರಡು ಸಲ ಕರೆದರು. ಇಳಿಸುವ ಮನಸ್ಸಾಗಲಿಲ್ಲ.